ಮಾಬ್ಲಣ್ಣನ ಮೂಗು

ಮಾಬ್ಲಣ್ಣನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಅರಿಶಿನದ ಕೊಂಬು ಇರುತ್ತಿತ್ತು. ಬೇರೆ ಗಂಡಸರು ಬೀಡಿಯೋ ಪೆನ್ನೋ ಇಟ್ಟುಕೊಳ್ಳುವ ಜಾಗದಲ್ಲಿ ಇವರದು ಅರಿಶಿನ. ಹೀಗಾಗಿ ಅವರ ಅಷ್ಟೂ ಅಂಗಿಗಳ ಜೇಬಿನ ತಳ ಹಳದಿ. ಒಗೆದ ಅಂಗಿ ತೊಟ್ಟು ಬಂದ ದಿನ, ಸಾಬೂನು ಸರಿಯಾಗಿ ಹೋಗದಿದ್ದ ಕಡೆ ಆ ಹಳದಿಗೆ ಒಂದು ಕೆಂಪು ಅಂಚು. ದೂರದಿಂದ ನೋಡಿದರೆ ಎದೆಗೆ ಗಾಯವಾದಂತೆ ಕಾಣುತ್ತಿತ್ತು. ಮೊದಲ ದಿನ ನಾನು ಗಾಬರಿಯಾಗಿ ಕೇಳಿಯೂ ಬಿಟ್ಟಿದ್ದೆ.

"ಗಾಯ ಅಲ್ದ್ ಹೆಣೆ, ಗಿರಿಜ ಒಗ್ದದ್ದ್" ಎಂದರು. ನಮ್ಮ ಕಡೆ ಹುಡುಗಿಯರನ್ನು ಹೆಣೆ ಎಂದೇ ಕರೆಯುವುದು. ಗಿರಿಜಕ್ಕ ಅವರ ಹೆಂಡತಿ. ಆಮೇಲೆ ಆಕೆಯ ಕೈಯ ಮೀನುಸಾರು ಎಷ್ಟೋ ಸಲ ತಿಂದಿದ್ದೇನೆ.

ಅದು ೧೯೯೭. ಕುಂದಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ರಸಾಯನಶಾಸ್ತ್ರದಲ್ಲಿ ಫಸ್ಟ್ ಕ್ಲಾಸು ತೆಗೆದುಕೊಂಡು, ಅದನ್ನು ಏನು ಮಾಡಬೇಕೆಂದು ಗೊತ್ತಾಗದೆ ತೆಕ್ಕಟ್ಟೆಯ ಮನೆಯಲ್ಲಿ ಕೂತಿದ್ದೆ. ಆಗ ತ್ರಾಸಿಯ ಹತ್ತಿರ ಹೆದ್ದಾರಿಯ ಪಕ್ಕದ ಒಂದು ಐಸ್ ಪ್ಲಾಂಟಿನಲ್ಲಿ ಆಫೀಸು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಫೋನು ಎತ್ತುವುದು, ಐಸಿಗೆ ಬಂದವರಿಗೆ ಚೀಟಿ ಬರೆದು ಕೊಡುವುದು, ಯಂತ್ರದ ಕೋಣೆಯ ಗೇಜುಗಳ ಒತ್ತಡವನ್ನು ಲಾಗ್ ಬುಕ್ಕಿನಲ್ಲಿ ಬರೆಯುವುದು. ಮಾಬ್ಲಣ್ಣ ಅಲ್ಲಿನ ಆಪರೇಟರ್. ಹಾಜರಿ ಪುಸ್ತಕದಲ್ಲಿ ಮಹಾಬಲ. ಆ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುತ್ತಿರಲಿಲ್ಲ.

ಐಸ್ ಪ್ಲಾಂಟಿನ ಪ್ರಾಣ ಇರುವುದು ಅಮೋನಿಯಾದಲ್ಲಿ. ಅದನ್ನು ಒತ್ತಿ, ಕೊಳವೆಗಳಲ್ಲಿ ಓಡಿಸಿ, ಉಪ್ಪುನೀರಿನ ಒಂದು ದೊಡ್ಡ ತೊಟ್ಟಿಯನ್ನು ತಣ್ಣಗೆ ಮಾಡುತ್ತಾರೆ. ಆ ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳಲ್ಲಿ ನೀರು ಮಂಜುಗಡ್ಡೆಯಾಗುತ್ತದೆ. ಕೊಳವೆಯೊಳಗೆ ಇದ್ದಷ್ಟು ಹೊತ್ತು ಅಮೋನಿಯಾ ಪಾಪದ್ದು. ಹೊರಗೆ ಬಂತೋ, ಕಣ್ಣು, ಗಂಟಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಪ್ಲಾಂಟಿನಲ್ಲಿ ಅದನ್ನು ಎಲ್ಲರೂ ಬರೀ ಗ್ಯಾಸ್ ಎನ್ನುತ್ತಿದ್ದರು. ಅದು ಸೋರುವುದನ್ನು ಮೊದಲು ಹೇಳುವುದು ಮೂಗು. ವಾಸನೆ ಬಂದ ಮೇಲೆ ಗಂಧಕದ ಬತ್ತಿ ಹಚ್ಚಿ ಕೊಳವೆಯ ಉದ್ದಕ್ಕೂ ಹಿಡಿದುಕೊಂಡು ಹೋಗುತ್ತಾರೆ; ಎಲ್ಲಿ ಬಿಳಿ ಹೊಗೆ ದಟ್ಟವಾಗಿ ಏಳುತ್ತದೋ ಅಲ್ಲಿ ಸೋರಿಕೆ. ಮೂಗು ಹಿಡಿಯದೇ ಹೋದರೆ ಕಣ್ಣು ಉರಿಯುವವರೆಗೆ ಗೊತ್ತಾಗುವುದಿಲ್ಲ. ಕಣ್ಣು ಉರಿಯುವ ಹೊತ್ತಿಗೆ ತಡವಾಗಿರುತ್ತದೆ.

ಮಾಬ್ಲಣ್ಣನ ಮೂಗು ಆ ಸೀಮೆಯಲ್ಲೆಲ್ಲ ಹೆಸರುವಾಸಿ. ನಾನು ಸೇರುವುದಕ್ಕೆ ಎಷ್ಟೋ ವರ್ಷ ಮೊದಲು, ಅಂಗಳದಲ್ಲಿ ಊಟಕ್ಕೆ ಕೂತಿದ್ದ ಅವರು ಎಲೆ ಬಿಟ್ಟು ಎದ್ದು ಓಡಿ ವಾಲ್ವು ಮುಚ್ಚಿದ್ದರಂತೆ. ಯಂತ್ರದ ಪಕ್ಕದಲ್ಲೇ ನಿಂತಿದ್ದವರಿಗೆ ಇನ್ನೂ ವಾಸನೆ ಬಂದಿರಲಿಲ್ಲವಂತೆ. ಪ್ಲಾಂಟಿನ ಯಜಮಾನರಾದ ಧನಿಗಳು ಬಂದವರಿಗೆಲ್ಲ ಈ ಕತೆ ಹೇಳುತ್ತಿದ್ದರು. ಹೇಳುವಾಗ ಮಾಬ್ಲಣ್ಣ ಪಕ್ಕದಲ್ಲಿದ್ದರೆ ಬೆನ್ನು ತಟ್ಟುತ್ತಿದ್ದರು, ಒಳ್ಳೆಯ ಎತ್ತನ್ನು ತೋರಿಸುವವರ ಹಾಗೆ.

ಆ ಹೆಸರು ಅವರಿಗೆ ಎಷ್ಟು ಬೇಕಾಗಿತ್ತು ಎನ್ನುವುದು ಗಿರಿಜಕ್ಕನಿಂದ ಗೊತ್ತಾಯಿತು. ಮಾಬ್ಲಣ್ಣನದು ನಾವುಂದದಲ್ಲಿ ಅಜ್ಜನ ಕಾಲದಿಂದ ಕಡಲಿಗೆ ಹೋಗುವ ಮನೆ. ಅಣ್ಣ ತಮ್ಮಂದಿರೆಲ್ಲ ಬೋಟಿನವರು. ಇವರೊಬ್ಬರಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ದಡ ಕಾಣುವಷ್ಟು ದೂರ ಹೋದರೂ ಸಾಕು, ಕರುಳು ಕಿತ್ತು ಬರುವ ಹಾಗೆ ವಾಂತಿ. ಮೂರು ವರ್ಷ ಪ್ರಯತ್ನಪಟ್ಟು, ಕೇರಿಯ ಹೆಂಗಸರ ನಗೆಪಾಟಲಿಗೆ ಈಡಾಗಿ, ಕೊನೆಗೆ ಐಸ್ ಪ್ಲಾಂಟಿಗೆ ಬಂದವರು. "ಮದಿ ಆಪತಿಗೂ ಅವ್ರಿಗ್ ವಾಂತಿ ಮಾಬ್ಲ ಅಂದೇ ಹೆಸ್ರ್. ಮೂಗಿನ್ ಮಾಬ್ಲ ಅಂದ್ ಆದ್ದ್ ಆಮೇಲೆ" ಎಂದು ಗಿರಿಜಕ್ಕ ತಮ್ಮ ಮದುವೆಯ ಕಾಲ ನೆನೆದು ನಗುತ್ತ ಹೇಳಿದ್ದರು. ಮಾಬ್ಲಣ್ಣ ನಕ್ಕಿರಲಿಲ್ಲ.

ಈಗ ಅರಿಶಿನದ ವಿಷಯ. ಯಂತ್ರದ ಕೋಣೆಯಲ್ಲಿ ಕೊಳವೆಗಳು ಕೂಡುವಲ್ಲೆಲ್ಲ, ವಾಲ್ವುಗಳ ಕುತ್ತಿಗೆಗೆಲ್ಲ, ಹಳದಿ ಬಟ್ಟೆಯ ಚಿಂದಿ ಕಟ್ಟಿರುತ್ತಿತ್ತು. ಹಳೆಯ ಪಂಚೆಯನ್ನು ಹರಿದು, ಅರಿಶಿನ ತೇಯ್ದ ನೀರಿನಲ್ಲಿ ಅದ್ದಿ ಒಣಗಿಸಿದ ಚಿಂದಿ. ಬೆಳಿಗ್ಗೆ ಬಂದವರೇ ಒಂದು ಚೊಂಬು ನೀರು ಹಿಡಿದು ಅವಕ್ಕೆಲ್ಲ ಚಿಮುಕಿಸುತ್ತ ಸುತ್ತು ಬರುತ್ತಿದ್ದರು. ಗಂಟೆಗೊಮ್ಮೆ ಮತ್ತೆ ಸುತ್ತು. ಧನಿಗಳೂ ಕೆಲಸದವರೂ ಅದನ್ನು ಹರಕೆ ಎಂದೇ ತಿಳಿದಿದ್ದರು. ಐಸಿಗೆ ಬರುವ ಮೀನಿನ ಹೆಂಗಸರಲ್ಲಿ ಒಬ್ಬಿಬ್ಬರು ಆ ಕೋಣೆಯ ಬಾಗಿಲಿಗೆ ಕೈಮುಗಿದು ಹೋಗುತ್ತಿದ್ದುದನ್ನೂ ನೋಡಿದ್ದೇನೆ. ಮಾಬ್ಲಣ್ಣ ಯಾರಿಗೂ ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

ನಾನು ಸೇರಿ ಒಂದು ತಿಂಗಳಾಗಿರಬೇಕು. ಲಾಗ್ ಬುಕ್ ಹಿಡಿದು ಹೋದಾಗ ನನ್ನನ್ನು ನಿಲ್ಲಿಸಿ ಕೇಳಿದರು: "ಹ್ವಾಯ್ ಶಾರ್ದಾ, ನೀ ಕಾಲೇಜಿಗ್ ಹೋದವಳ್ ಅಲ್ದಾ? ಹೇಳ್ ಕಾಂಬ. ಸಾಬೂನ್ ತಾಗ್ರೆ ಅರ್ಶಿನ ಕೆಂಪ್. ಸುಣ್ಣ ತಾಗ್ರೆ ಕೆಂಪ್. ನಮ್ ಗ್ಯಾಸ್ ತಾಗ್ರೂ ಕೆಂಪ್. ಮೂರೂ ಒಂದೇ ಜಾತಿಯಾ?"

ನಾನು ದಂಗಾದೆ. ಮೂರು ವರ್ಷ ಲಿಟ್ಮಸ್ ಕಾಗದ ಅದ್ದಿ ಅದ್ದಿ ನಾನು ಕಲಿತದ್ದನ್ನು ಈ ಮನುಷ್ಯ ಹೆಂಡತಿ ಒಗೆದ ಅಂಗಿ ನೋಡಿ ಕಂಡುಕೊಂಡಿದ್ದ. ಅವರು ಕಟ್ಟಿದ್ದ ಚಿಂದಿಗಳು ಹರಕೆಯಲ್ಲ, ಸೋರಿಕೆ ಹಿಡಿಯುವ ಬಲೆ.

"ಒಂದೇ ಜಾತಿ ಮಾಬ್ಲಣ್ಣ. ಕ್ಷಾರ ಅಂಬ್ರ್ ಅದಕ್ಕೆ" ಎಂದೆ.

"ಖಾರವಾ?"

"ಖಾರ ಅಲ್ದ್, ಕ್ಷಾರ."

"ನಾ ಹೇಳದ್ದೂ ಅದೇ ಅಲ್ದಾ, ಖಾರ" ಎಂದು ಹೋದರು. ಮರುದಿನ ಬಂದವರೇ ಒಂದು ಹಳದಿ ಚಿಂದಿ ತೋರಿಸಿದರು. ಅದರ ಮೇಲೆ ಅರೆದ ಹಸಿಮೆಣಸು ಮೆತ್ತಿತ್ತು. "ಮೆಣಸ್ ಹಾಕಿ ಕಂಡೆ. ಅರ್ಶಿನಕ್ಕ್ ಎಂತದೂ ಆಯ್ಲಿಲ್ಲೆ. ನಿಂದ್ ಬೇರೆಯೇ ಖಾರ." ಪರೀಕ್ಷೆ ಮಾಡಿ ನೋಡದೆ ಅವರು ಯಾರ ಮಾತನ್ನೂ ಒಪ್ಪುವವರಲ್ಲ. ಪರೀಕ್ಷೆಯಲ್ಲಿ ಗೆದ್ದದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದರು.

ಅಂದಿನಿಂದ ನಮ್ಮಿಬ್ಬರಿಗೂ ಇದೊಂದು ಆಟವಾಯಿತು. ಹುಳಿ ಹಾಕಿದರೆ ಕೆಂಪು ಮತ್ತೆ ಹಳದಿಯಾಗುವುದನ್ನು ನಾನು ತೋರಿಸಿದೆ. ಅಡುಗೆ ಸೋಡಾಕ್ಕೆ ಬಣ್ಣ ಸ್ವಲ್ಪ ಮಾತ್ರ ತಿರುಗುವುದನ್ನು ಅವರು ಮನೆಯಲ್ಲಿ ನೋಡಿ ಬಂದು "ಅದ್ ಆ ಜಾತಿಯ ಬಡವ" ಎಂದರು. ಸುಣ್ಣದ ಕೆಂಪು ಒಣಗಿದರೂ ಉಳಿಯುತ್ತದೆ, ಗ್ಯಾಸಿನ ಕೆಂಪು ಮಾತ್ರ ಗ್ಯಾಸು ಹಾರಿದ ಕೂಡಲೇ ಹೋಗಿ ಬಟ್ಟೆ ಮೊದಲಿನ ಹಾಗೆ ಹಳದಿಯಾಗುತ್ತದೆ. ಅದನ್ನು ಹೇಳಿಕೊಟ್ಟದ್ದು ಅವರು, ನನ್ನ ಪುಸ್ತಕದಲ್ಲಿ ಇರಲಿಲ್ಲ. ಬಟ್ಟೆ ಒದ್ದೆ ಇರಬೇಕು ಎನ್ನುವುದೂ ಅವರಿಗೆ ಮೊದಲೇ ಗೊತ್ತಿತ್ತು. "ಒಣ ಬಟ್ಟಿಗ್ ಎಂತದೂ ಗೊತ್ತಾತಿಲ್ಲೆ ಹೆಣೆ, ಅದ್ಕೇ ಈ ಚೊಂಬ್." ಕ್ಷಾರದ ಕೆಲಸವೆಲ್ಲ ನೀರು ಇದ್ದರೆ ಮಾತ್ರ ಎಂದು ನಾನು ನಾಲ್ಕು ಅಂಕಕ್ಕೆ ಬರೆದ ಉತ್ತರ ಅದು. ಇಷ್ಟೆಲ್ಲ ಮಾತಾಡುವಾಗಲೂ, ಇಂಥ ಮೂಗಿನವರಿಗೆ ಬಟ್ಟೆ ಯಾಕೆ ಬೇಕು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ನಾನು ಸೇರಿದ ಮೇಲಿನ ಎರಡನೆಯ ಮಳೆಗಾಲ. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಪ್ಲಾಂಟಿಗೂ ರಜೆ. ಆಗಸ್ಟಿನಲ್ಲಿ ತೆರೆಯುವ ಮೊದಲು ಗೋಡೆಗಳಿಗೆ ಸುಣ್ಣ ಹೊಡೆಯುವುದು ವಾಡಿಕೆ. ಆ ವರ್ಷ ಮಳೆ ಬಿಡದೆ ಕೆಲಸ ಹಿಂದೆ ಬಿದ್ದಿತ್ತು. ಯಂತ್ರ ಓಡಿ ಮೊದಲ ಐಸ್ ಕೊಡುವ ದಿನವೂ ಯಂತ್ರದ ಕೋಣೆಯ ಒಂದು ಗೋಡೆ ಬಾಕಿ ಇತ್ತು. ಬೆಳಿಗ್ಗೆ ಸುಣ್ಣದವರು ಅದನ್ನೂ ಮುಗಿಸಿ ಹೋದರು. ಹೊರಗೆ ಅಂಗಳದಲ್ಲಿ ಐಸಿಗಾಗಿ ಮೂವತ್ತು ನಲವತ್ತು ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು.

ನಾನು ಲಾಗ್ ಬುಕ್ ಬರೆಯಲು ಆ ಕೋಣೆಗೆ ಹೋಗಿ ಗೇಜಿನ ಮುಂದೆ ನಿಂತಿದ್ದೆ. ಮಾಬ್ಲಣ್ಣ ಚೊಂಬು ಹಿಡಿದು ಬಾಗಿಲಿಗೆ ಬಂದರು, ಎದುರಿನ ವಾಲ್ವು ನೋಡಿದರು. ಚೊಂಬು ಕೈಯಿಂದ ಬಿತ್ತು. "ಗ್ಯಾಸ್! ಹೊರ್ಗ್ ಓಡಿ! ಎಲ್ಲಾ ಹೊರ್ಗ್!" ಎಂದು ಕೂಗಿ ಕಂಪ್ರೆಸರ್ ನಿಲ್ಲಿಸಿ, ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದರು. ಹೆಂಗಸರು ಬುಟ್ಟಿ ಬಿಟ್ಟು ಸುರಿಯುವ ಮಳೆಯಲ್ಲಿ ಹೆದ್ದಾರಿಯ ಕಡೆಗೆ ಓಡಿದರು. ಒಬ್ಬಾಕೆ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡಳು.

ನಾನು ಆ ಕೋಣೆಯಲ್ಲಿ ಐದು ನಿಮಿಷ ನಿಂತಿದ್ದವಳು. ನನಗೆ ಹಸಿ ಸುಣ್ಣದ ವಾಸನೆ ಬಿಟ್ಟು ಬೇರೆ ಯಾವ ವಾಸನೆಯೂ ಬಂದಿರಲಿಲ್ಲ.

ಧನಿಗಳು ಬಂದು ಗಂಧಕದ ಬತ್ತಿ ಹಚ್ಚಿಸಿದರು. ಎಲ್ಲೂ ಬಿಳಿ ಹೊಗೆ ಏಳಲಿಲ್ಲ. ಮಾಬ್ಲಣ್ಣ ಹೊರಗೆ ಗೋಡೆಗೆ ಒತ್ತಿಕೊಂಡು ಮಳೆಯಲ್ಲೇ ನಿಂತಿದ್ದರು. ನಾನು ಒಳಗೆ ಹೋಗಿ ಆ ವಾಲ್ವು ನೋಡಿದೆ. ಕೆಂಪಾದ ಚಿಂದಿಯ ಮೇಲೆ ಸುಣ್ಣದ ನಾಲ್ಕಾರು ಹನಿಗಳು ಸಿಡಿದಿದ್ದವು. ಎಲ್ಲ ಒಟ್ಟಿಗೆ ತಿಳಿಯಿತು. ಗ್ಯಾಸು ಸೋರಿಲ್ಲ ಎಂದು ಮೂಗಿರುವ ಯಾರಿಗಾದರೂ ಬಾಗಿಲಲ್ಲೇ ಗೊತ್ತಾಗಬೇಕಿತ್ತು; ಈ ಮನುಷ್ಯನಿಗೆ ಆ ಚಿಂದಿ ಬಿಟ್ಟು ಬೇರೆ ದಾರಿ ಇರಲಿಲ್ಲ. ಹಳಸಿದ ಸಾರನ್ನು ಚೆನ್ನಾಗಿದೆ ಎಂದು ಉಂಡರು ಎಂದು ಗಿರಿಜಕ್ಕ ಬೈದದ್ದು, ಕಿಟಕಿಯ ಕೆಳಗೆ ಕೊಳೆತ ಮೀನಿದ್ದರೂ ಅಲ್ಲೇ ಕೂತು ಚಾ ಕುಡಿದದ್ದು, ಎಲ್ಲ ನೆನಪಾಯಿತು. ಇಪ್ಪತ್ತು ವರ್ಷ ಗ್ಯಾಸು ಕುಡಿದು ಆ ಮೂಗು ಸತ್ತೇ ಹೋಗಿತ್ತು.

ಆ ಹೊತ್ತಿನಲ್ಲಿ ನನಗೆ ಏನನ್ನಿಸಿತು ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಏನೂ ಅನ್ನಿಸಿದ ಹಾಗಿಲ್ಲ. ಐಸ್ ಹಿಡಿದ ಕೈಯ ಹಾಗೆ ಮನಸ್ಸಿಗೆ ಜೋಮು. ಕೈ ಮಾತ್ರ ಕೆಲಸ ಮಾಡಿತು. ಚಿಂದಿಯನ್ನು ಬಿಚ್ಚಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಸುಣ್ಣದ ಕೆಂಪು ಹೋಗುವುದಿಲ್ಲವಲ್ಲ, ಅಲ್ಲೇ ಬಿಟ್ಟರೆ ಯಾರಾದರೂ ನೋಡುತ್ತಾರೆ.

ಹೊರಗೆ ಧನಿಗಳ ಮುಖ ಕೆಂಡ. ಮೊದಲ ದಿನದ ಬೋಟುಗಳು ಐಸಿಲ್ಲದೆ ಕಾಯುತ್ತಿದ್ದವು. "ಎಂತ ವಾಸ್ನಿ ಬಂತ್ ಮಾರಾಯಾ ನಿಂಗೆ? ಯಾರಿಗೂ ಇಲ್ದದ್ದ್? ಮೂಗ್ ಇತ್ತಾ, ಹೋಯಿತಾ?" ಎಂದರು, ಅಷ್ಟು ಜನ ಹೆಂಗಸರ ಎದುರಿಗೆ. ಒಬ್ಬಳು ನಕ್ಕಳು. ಮಾಬ್ಲಣ್ಣ ಬಾಯಿ ತೆರೆದರು, ಮುಚ್ಚಿದರು. ಕೇರಿಯಲ್ಲಿ ಅವರಿಗಿದ್ದ ಮೊದಲ ಹೆಸರು ನನ್ನ ತಲೆಯಲ್ಲಿ ಸುಳಿಯಿತು.

"ನಂಗೂ ಬಂತ್ ಧನಿಗಳೇ. ಆ ವಾಲ್ವಿನ್ ಹತ್ರವೇ. ಬಾಗಿಲ್ ತೆಗ್ದದ್ದಕ್ಕೆ ಹಾರಿ ಹೋಯಿತ್ತ್ ಕಾಣತ್ತ್" ಎಂದೆ.

ಓದಿದ ಹುಡುಗಿ ಹೇಳಿದ್ದು. ಧನಿಗಳು ಒಪ್ಪಿಕೊಂಡು ಆಫೀಸಿಗೆ ಹೋದರು. ಮಾಬ್ಲಣ್ಣ ನನ್ನ ಮುಖವನ್ನೇ ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಆ ವಾಲ್ವಿನ ನಟ್ಟುಗಳನ್ನು ಬಿಗಿ ಮಾಡಿ, ಹಳೆಯ ಚಿಂದಿ ಎಲ್ಲಿ ಎಂದು ಕೇಳದೆ ಹೊಸದನ್ನು ಕಟ್ಟಿದರು. ನಾನು ಅವರನ್ನು ಕಾಪಾಡಿದ್ದು ಅವರಿಗೆ ತಿಳಿಯಿತು ಎಂದುಕೊಂಡೆ. ಬಾಯಿ ಬಿಟ್ಟು ಆಡದ ಒಂದು ಗುಟ್ಟು ನಮ್ಮಿಬ್ಬರ ನಡುವೆ ಇದೆ ಎಂದುಕೊಂಡೆ. ಹಾಗೆ ಅಂದುಕೊಂಡೇ ವರ್ಷಗಳನ್ನು ಕಳೆದೆ.

ಸುಮ್ಮನೆ ಕೂತೆ ಎಂದಲ್ಲ. ಅಂಗಳದಲ್ಲಿ ಬುಟ್ಟಿ ಹಿಡಿದು ನಿಲ್ಲುವ ಆ ಹೆಂಗಸರು ಕಣ್ಣ ಮುಂದೆ ಇದ್ದರಲ್ಲ. ಮಾರನೆಯ ದಿನದಿಂದ ಗೇಜು ಬರೆಯುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಆ ಕೋಣೆಗೆ ಹೋಗಿ ಮೂಸಿ ನೋಡುತ್ತಿದ್ದೆ. ಎರಡು ಸಲ ನಿಜವಾಗಿಯೂ ಸಣ್ಣಗೆ ವಾಸನೆ ಬಂತು. ಆ ಎರಡು ಸಲವೂ ನಾನು ಬಾಯಿ ತೆರೆಯುವ ಮೊದಲೇ ಚಿಂದಿ ಕೆಂಪಾಗಿ, ಮಾಬ್ಲಣ್ಣ ಸ್ಪ್ಯಾನರ್ ಹಿಡಿದು ಬಗ್ಗಿದ್ದರು. ಬಟ್ಟೆಯೇ ಸಾಕು ಎಂದು ನಾನೂ ನಿಧಾನಕ್ಕೆ ನಂಬಿದೆ.

ಐದಾರು ವರ್ಷದ ಮೇಲೆ ನಾನು ಬಿ.ಎಡ್. ಮಾಡಿ, ಬ್ರಹ್ಮಾವರದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಪ್ಲಾಂಟು ಬಿಡುವ ದಿನ ಧನಿಗಳಿಗೆ ಹೇಳಿಬಿಡಬೇಕೆಂದು ಆಫೀಸಿನ ಬಾಗಿಲವರೆಗೂ ಹೋದೆ. ಧನಿಗಳು ಯಾರಿಗೋ ಆ ಹಳೆಯ ಕತೆ ಹೇಳುತ್ತಿದ್ದರು, ಊಟದ ಎಲೆ ಬಿಟ್ಟು ಓಡಿದ್ದು. ಮಾಬ್ಲಣ್ಣ ಪಕ್ಕದಲ್ಲಿ ನಿಂತಿದ್ದರು. ನಾನು ನಮಸ್ಕಾರ ಹೇಳಿ ಬಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಪಘಾತವಾದದ್ದು ನಾನು ಬಿಟ್ಟು ಐದು ವರ್ಷಕ್ಕೆ, ಒಂದು ಮಾರ್ಚ್ ತಿಂಗಳ ಮಧ್ಯಾಹ್ನ. ಆ ಬಿಸಿಲಿಗೆ ಚಿಂದಿಗಳು ಅರ್ಧ ಗಂಟೆಗೇ ಒಣಗಿ ಹೋಗಿದ್ದವಂತೆ. ಒಂದು ವಾಲ್ವಿನ ಬುಡದಲ್ಲಿ ಗ್ಯಾಸು ಸೋರುತ್ತಿತ್ತು, ಒಣಗಿದ ಬಟ್ಟೆ ಹಳದಿಯಾಗಿಯೇ ಇತ್ತು. ಹಳದಿ ಇದೆಯಲ್ಲ ಎಂದು ಮಾಬ್ಲಣ್ಣ ಬೇರೇನೋ ಸರಿಪಡಿಸಲು ಅದರ ಮೇಲೆ ಬಗ್ಗಿದ್ದಾಗ ಬುಡ ಕಳಚಿ ಗ್ಯಾಸು ಮುಖಕ್ಕೇ ಹೊಡೆಯಿತು. ಕಣ್ಣು ಕಾಣದೆ ತಡಕಾಡಿ, ಹಿಂದಿನ ದೊಡ್ಡ ವಾಲ್ವು ಮುಚ್ಚಿಯೇ ಹೊರಗೆ ಬಂದು ಬಿದ್ದರಂತೆ. ಅಂಗಳದಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ಊರೆಲ್ಲ ಅವರ ಧೈರ್ಯವನ್ನು ಹೊಗಳಿತು.

ಆಮ್ಲ ಬಿದ್ದರೆ ಚರ್ಮ ಸುಟ್ಟು, ಹೆಪ್ಪುಗಟ್ಟಿ, ಆ ಹೆಪ್ಪೇ ಅದನ್ನು ಅಷ್ಟಿಷ್ಟು ತಡೆಯುತ್ತದೆ. ಕ್ಷಾರಕ್ಕೆ ಆ ತಡೆಯಿಲ್ಲ. ಮೈಯ ಕೊಬ್ಬನ್ನೇ ಸಾಬೂನು ಮಾಡಿಕೊಂಡು ಒಳಗೆ ಇಳಿಯುತ್ತಲೇ ಹೋಗುತ್ತದೆ. ಇದನ್ನು ನಾನು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಾಬ್ಲಣ್ಣನ ಬಲಗಣ್ಣು ವಾರದೊಳಗೆ ಹೋಯಿತು. ಎಡಗಣ್ಣು ಹಾಲು ಹೊಯ್ದ ಹಾಗೆ ಮಸುಕಾಯಿತು. ಶ್ವಾಸಕೋಶ ಅರ್ಧ ಉಳಿಯಿತು. ಆ ವರ್ಷ ಆ ಪಾಠ ಬಂದಾಗ ಕರಿಹಲಗೆಯ ಮೇಲೆ ಬರೆದದ್ದನ್ನೇ ಮತ್ತೆ ಬರೆಯುತ್ತ ನಿಂತಿದ್ದೆನಂತೆ. ಒಂದು ಹುಡುಗಿ ಎದ್ದು ಹೇಳಿದ ಮೇಲೆ ಗೊತ್ತಾಯಿತು.

ಅವರು ತೀರಿಕೊಂಡದ್ದು ಅದಾದ ಮೂರು ವರ್ಷಕ್ಕೆ. ಸುದ್ದಿ ಬಂದ ದಿನ ನನಗೆ ಅಳು ಬರಲಿಲ್ಲ. ಉತ್ತರಪತ್ರಿಕೆ ತಿದ್ದುತ್ತಿದ್ದೆ, ತಿದ್ದಿ ಮುಗಿಸಿದೆ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಆರು ತಿಂಗಳು ಮೊದಲು.

ಅವತ್ತು ನಾವುಂದಕ್ಕೆ ಹೋಗುವ ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೂಗಿಲ್ಲ ಎಂದು ಗೊತ್ತಿದ್ದೂ ಯಾರಿಗೂ ಹೇಳದೆ ನಿಮ್ಮನ್ನು ಅಲ್ಲಿ ಬಿಟ್ಟು ಬಂದೆ, ತಪ್ಪಾಯಿತು, ಇಷ್ಟು ಹೇಳಿಬಿಡಬೇಕು. ಮಾಬ್ಲಣ್ಣ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಮೈ ಅರ್ಧಕ್ಕಿಳಿದಿತ್ತು. ನನ್ನ ದನಿ ಕೇಳಿಯೇ "ಶಾರ್ದಾ ಅಲ್ದಾ? ಬಾ, ಕೂಕೋ" ಎಂದರು. ಗಿರಿಜಕ್ಕ ಚಾ ಮಾಡಲು ಒಳಗೆ ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾಗಿತ್ತು.

"ನಿಂಗೊಂದ್ ಹೇಳ್ಕಿದ್ದಿತ್. ನಂಗ್ ಮೂಗ್ ಇರ್ಲಿಲ್ಲೆ ಹೆಣೆ. ನೀ ಪ್ಲಾಂಟಿಗ್ ಬಪ್ಪುಕ್ ಮುಂಚೆಯೇ ಹೋಯಿತ್ತ್. ಯಾರಿಗೂ ಗೊತ್ತಿಲ್ಲೆ. ನಿಂಗೂ ಗೊತ್ತಿಲ್ಲೆ."

ಒಮ್ಮೆ ಉಸಿರೆಳೆದು ಮುಂದುವರಿಸಿದರು.

"ಆ ಸುಣ್ಣ ಹೊಡ್ದ ದಿನ ನೆನಪಿತ್ತಾ? ಬಟ್ಟಿ ಕೆಂಪ್ ಕಂಡ್ ಎಲ್ಲರ್ನೂ ಓಡ್ಸಿಯೆ. ಹೊರ್ಗ್ ನಿಂತ್ಕಂಡ್ ಗೋಡಿ ಕಂಡ ಮೇಲೆ ಸಂಶಯ ಬಂತ್. ಸುಣ್ಣ ಹಾರಿ ಕೆಂಪಾದ್ದಾ ಅಂದ್. ಹಾಂಗಾರೆ ಈ ಬಟ್ಟಿ ನಂಬುಕಾಗ, ಈಗ್ಲೇ ಧನಿಗಳಿಗ್ ಹೇಳಿ ಕೆಲ್ಸ ಬಿಟ್ ಹೋಪುದೇ ಅಂದ್ ಬಾಯ್ ತೆಗ್ದೆ. ಅಷ್ಟರಗೆ ನೀ ವಾಸ್ನಿ ಬಂತ್ ಅಂದಿ."

ಒಂದು ಕೆಮ್ಮು ಬಂತು. ಒಳಗಿನಿಂದ ಗಿರಿಜಕ್ಕ "ಮಾತ್ ಸಾಕ್, ಉಬ್ಬಸ ಬತ್ತ್" ಎಂದರು. ಅವರು ಕೈಯಾಡಿಸಿದರು.

"ಓದ್ದವಳ್ ಮೂಗಿಗ್ ಬಂದದ್ದೂ, ನನ್ ಬಟ್ಟಿಗ್ ಬಂದದ್ದೂ ಒಂದೇ ಅಂದ್ ಆಯ್ತಲೆ. ಇನ್ನ್ ಎಂತಕ್ ಹೆದ್ರುದ್ ಅಂದ್ ಉಳ್ಕಂಡೆ. ಬಟ್ಟಿ ಒಂದಿನವೂ ಸುಳ್ ಹೇಳ್ಲಿಲ್ಲೆ. ನಾನೇ ಆವತ್ತ್ ನೀರ್ ಹಾಕುಕ್ ಮರ್ತದ್ದ್."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಬೇರೆ ತಪ್ಪಿನದು. ಕಣ್ಣು ಹೋಗಿದ್ದು, ಎದೆ ಹೋಗಿದ್ದು ಎಲ್ಲ ತನ್ನ ಮರೆವಿನಿಂದ ಎಂದು ಒಪ್ಪಿಕೊಂಡು ಅವರು ಶಾಂತವಾಗಿ ಕೂತಿದ್ದರು. ಗಿರಿಜಕ್ಕ ಚಾ ತಂದು ನಡುವೆ ಇಟ್ಟರು. ನಾನು ಲೋಟ ಹಿಡಿದುಕೊಂಡೆ, ಬಿಸಿ ಗೊತ್ತಾಗಲಿಲ್ಲ.

ಮಾಬ್ಲಣ್ಣ ಮಸುಕು ಕಣ್ಣನ್ನು ನನ್ನ ಕಡೆಗೆ ತಿರುಗಿಸಿದರು. "ಆವತ್ತ್ ನಿಂಗ್ ವಾಸ್ನಿ ಬಂದದ್ದ್ ಹೌದಲ್ದಾ?"

"ಹೌದ್ ಮಾಬ್ಲಣ್ಣ" ಎಂದೆ. "ಬಂದಿತ್ತ್."